ಇರುವೆ ಸತ್ತ ಹಾಲು

ಈಸೂರಿನ ಲೋಕಮ್ಮನನ್ನು ಅವಳ ಹೊಟ್ಟೆಯಲ್ಲಿ ಹುಟ್ಟಿದ ಮಗಳೇ ‘ಚಿಗವ್ವ’ ಎನ್ನುತ್ತಿದ್ದಳು. ‘ಅವ್ವ’ ಎಂದು ಕರೆಯುತ್ತಿದ್ದದ್ದು ವಾರಗಿತ್ತಿ ತುಂಗಮ್ಮನನ್ನು. ಇದಕ್ಕೆಲ್ಲ ಕಾರಣ ಒಂದು ಇರುವೆ ಎಂದರೆ ನಗಬೇಡಿ.

ಮಗಳು ಗಿರಿಜೆ ಹುಟ್ಟಿದಾಗ ಎದೆಗೆ ಹಾಕಿದರೆ ಕಚ್ಚುವುದು, ಬಿಡುವುದು, ಚೀರುವುದು. ತೊಟ್ಟು ಸೀಳಿ ರಕ್ತ ಬಂದರೂ ಲೋಕಮ್ಮ ಹಲ್ಲು ಕಚ್ಚಿ ಕೂತಳು. ಕೂಸು ಮಾತ್ರ ಸೊರಗುತ್ತಲೇ ಹೋಯಿತು. ಆಗ ಅತ್ತೆ ಮಾಸ್ತಮ್ಮ ಹಳಬರ ಪರೀಕ್ಷೆಗೆ ಇಳಿದಳು. ಬಟ್ಟಲಿಗೆ ತಾಯಿಯ ಹಾಲು ಹಿಂಡಿ ಒಂದು ಇರುವೆ ಬಿಡುವುದು. ಇರುವೆ ಸತ್ತರೆ ಹಾಲು ಕೆಟ್ಟದ್ದು. ಸತ್ತಿತು. ಸಾಯದೆ ಇನ್ನೇನು, ಈಜಿ ದಡ ಸೇರಲು ಅದೇನು ಎಮ್ಮೆಯೇ!

ಆಗ ತಾನೂ ಎಳೆಗೂಸಿನ ತಾಯಿಯಾಗಿದ್ದ ತುಂಗಮ್ಮನಿಗೆ ಹಾಲು ಧಾರಾಳ, ಚೀಪುವ ಮೊದಲೇ ಸುರಿಯುವಂಥದ್ದು. ಗಿರಿಜೆ ಅಲ್ಲಿ ಗುಟುಕರಿಸಿತು. “ನೋಡಿದ್ಯಾ? ನಾನೇನು ಸುಳ್ಳು ಹೇಳಿದ್ನಾ?” ಎಂದಳು ಮಾಸ್ತಮ್ಮ. ಹಾಲು ಬತ್ತಲೆಂದು ಲೋಕಮ್ಮನ ಎದೆಗೆ ಮಲ್ಲಿಗೆ ಹೂ ಕಟ್ಟಿದರು. ಅಂದಿನಿಂದ ಅವಳು ಮಲ್ಲಿಗೆ ಮುಡಿಯಲಿಲ್ಲ. ಗಿರಿಜೆ ತುಂಗಮ್ಮನ ಮಗ್ಗುಲಲ್ಲೇ ಬೆಳೆದಳು. ಅವಳ ತಲೆ ಬಾಚುವ ಆಸೆಗೂ ಲೋಕಮ್ಮ ವಾರಗಿತ್ತಿಯ ಮುಖ ನೋಡಬೇಕಿತ್ತು.

ಎಪ್ಪತ್ತೈದನೇ ಇಸವಿಯಲ್ಲಿ ಮಗ ಹುಟ್ಟಿದ. ಮತ್ತೆ ಅದೇ ಕಚ್ಚಾಟ, ಅದೇ ಚೀರಾಟ. ಮಾಸ್ತಮ್ಮ ಬಟ್ಟಲು ಹಿಡಿದು ಬಂದಳು.

“ಇರುವೆ ಬ್ಯಾಡ ಅತ್ತೆ. ಒಂದು ಕೂಸು ಕೊಟ್ಟೀನಿ. ಇದನ್ನ ಕೊಡಾಕಿಲ್ಲ.”

“ಹಸಿ ಬಾಣಂತಿ ಎದುರು ಮಾತಾಡ್ತಾಳಲ್ಲೋ, ಶಿವನೇ!”

ಎಂದೂ ಬಾಯಿ ಬಿಡದ ಗಂಡ ಮಹೇಶ್ವರಪ್ಪ ಅಂದೂ ಬಿಡಲಿಲ್ಲ. ಸುಮ್ಮನೆ ಹೋಗಿ ಗಾಡಿ ಕಟ್ಟಿದ.

ಶಿಕಾರಿಪುರದ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಮೊದಲು ಹಾಲು ಕುಡಿಸಲು ಹೇಳಿ, ಎದುರು ಕೂತು ನೋಡಿದರು. ಆಮೇಲೆ ಕೂಸಿನ ಬಾಯಿಗೆ ಬೆರಳಿಟ್ಟು ಚೀಪಿಸಿದರು, ನಾಲಿಗೆ ಎತ್ತಿ ತೋರಿಸಿದರು. ಕೆಳಗೆ ಬಿಳಿಯ ಪೊರೆಯೊಂದು ತುದಿಯವರೆಗೂ ಹಿಡಿದುಕೊಂಡಿತ್ತು.

“ನಾಲಿಗೆ ಕಟ್ಟಿದೆ ನೋಡಮ್ಮ. ಮುಂದಕ್ಕೆ ಬರಲ್ಲ, ಮೇಲಕ್ಕೆ ಏಳಲ್ಲ. ಪಾಪ, ಮಗು ಹೇಗೆ ಕುಡಿಯುತ್ತೆ? ಇಂಥದ್ದಿದ್ರೂ ಕೆಲವು ಮಕ್ಕಳು ಚೆನ್ನಾಗಿ ಕುಡೀತಾವೆ, ಅವಕ್ಕೆ ಏನೂ ಮಾಡೋದು ಬೇಡ. ಇವನಿಗೆ ಬಿಡಿಸಬೇಕು.”

“ನನ್ನ ಹಾಲು ಕೆಟ್ಟಿಲ್ಲೇನ್ರೀ ಅಮ್ಮಾರೆ?”

“ಹಾಗಂತ ಯಾರು ಹೇಳಿದ್ರು ನಿಂಗೆ?”

ಲೋಕಮ್ಮ ಕೂಸನ್ನು ಡಾಕ್ಟರಮ್ಮನ ಕೈಗಿಟ್ಟಳು. ಕತ್ತರಿ ಒಮ್ಮೆ ಆಡಿತು, ಹನಿ ರಕ್ತ ಬಂತು. ಅಳುತ್ತಿದ್ದ ಕೂಸನ್ನು ಎದೆಗೆ ಹಾಕಿದರೆ, ಅಯ್ಯೋ, ಗಬಕ್ಕನೆ ಹಿಡಿಯಿತು! ನೋವಿಲ್ಲ. ಗುಟುಕು ಗುಟುಕಾಗಿ ಇಳಿಯುವ ಸದ್ದು ಕೇಳಿ ಅವಳು ಎಲ್ಲರೆದುರೇ ಬಿಕ್ಕಿ ಬಿಕ್ಕಿ ಅತ್ತಳು.

ಮನೆಗೆ ಬಂದು ಪಡಸಾಲೆಯಲ್ಲಿ ಹಾಲು ಕುಡಿಸುತ್ತಿದ್ದಾಗ ಗಿರಿಜೆ ಬಂದು ಪಕ್ಕದಲ್ಲಿ ಕುಕ್ಕರಿಸಿದಳು.

“ನಾಲಿಗೆ ಚಾಚು ನೋಡಾನ, ಚಿನ್ನಾ.”

ಗಿರಿಜೆ ಚಾಚಿದಳು. ನಾಲಿಗೆ ತುಟಿ ದಾಟಲಿಲ್ಲ. ಕೆಳಗೆ ಅದೇ ಬಿಳಿಯ ಪೊರೆ. ಲೋಕಮ್ಮ ಮಗಳ ಗಲ್ಲ ಹಿಡಿದು ನೋಡುತ್ತಲೇ ಇದ್ದಳು.

“ಬಿಡು ಚಿಗವ್ವ, ಅವ್ವ ಉಣ್ಣಾಕ ಕರೀತಾಳೆ,” ಎಂದು ಗಿರಿಜೆ ಕೊಸರಿಕೊಂಡು ಒಳಗೆ ಓಡಿದಳು.

ಮಗ ಕುಡಿಯುತ್ತಿದ್ದದ್ದು ಎಡಗಡೆ. ಬಲಗಡೆಯ ರವಿಕೆ ತಾನಾಗಿ ತೊಯ್ದುಹೋಯಿತು.