ಪರದೆಯ ಮುಂದೆ ಪೆನ್ಸಿಲ್ ಬೀಸುವ ಚುಕ್ಕಿ ಅಕ್ಕ

ಪೆನ್ಸಿಲ್ ಎಡಕ್ಕೆ, ಬಲಕ್ಕೆ, ಮತ್ತೆ ಎಡಕ್ಕೆ. ಕೋಣೆಯ ದೀಪ ಆರಿದೆ. ಕಿಟಕಿಗೆ ಕಪ್ಪು ಬಟ್ಟೆ ಬಿಗಿದಿದೆ. ಹೊರಗೆ ಬೆಳಗಾಗುತ್ತಿರುವುದು ಬಾಗಿಲ ಸಂದಿನಲ್ಲಿ ಒಂದು ಬೂದು ಗೆರೆಯಾಗಿ ಮಾತ್ರ ಕಾಣುತ್ತದೆ. ಮೇಜಿನ ಮೇಲಿನ ಮಾನಿಟರಿನಲ್ಲಿ ಅಕ್ಷರವಿಲ್ಲ, ಚಿತ್ರವಿಲ್ಲ, ಬರೀ ಬಿಳಿ. ಅದರ ಮುಂದೆ ಕೂತ ಹೆಂಗಸು ಎರಡು ಬೆರಳ ನಡುವೆ ಪೆನ್ಸಿಲ್ ಹಿಡಿದು ಬೀಸಣಿಗೆಯ ಹಾಗೆ ಆಡಿಸುತ್ತಿದ್ದಾರೆ. ಅದರ ಜಾಡು ಹೊಗೆಯಂತೆ ಒಂದೇ ಸಮನೆ ಹರಡಿಕೊಂಡಿದೆ. ಅವರು ಗುಂಡಿ ಒತ್ತಿ ಪರದೆಯ ಬೆಳಕು ತಗ್ಗಿಸುತ್ತಾರೆ, ಮತ್ತೆ ಬೀಸುತ್ತಾರೆ. ಹೊಗೆಯೇ. ಇನ್ನಷ್ಟು ತಗ್ಗಿಸುತ್ತಾರೆ. ಈ ಸಲ ಹೊಗೆ ಒಡೆಯುತ್ತದೆ. ಒಂದು ಪೆನ್ಸಿಲ್ ಇದ್ದ ಕಡೆ ಹತ್ತಾರು ಪೆನ್ಸಿಲ್ಲುಗಳು, ಬಾಚಣಿಗೆಯ ಹಲ್ಲಿನ ಹಾಗೆ, ಬಿಡಿಬಿಡಿಯಾಗಿ ನಿಂತುಬಿಡುತ್ತವೆ.

“ಇದೂ ಅದೇ ಜಾತಿ,” ಎಂದು ತಮಗೆ ತಾವೇ ಹೇಳಿಕೊಂಡು ಮಾನಿಟರ್ ಆರಿಸುತ್ತಾರೆ.

ಇದು ಕಂಪ್ಯೂಟರ್ ಸಾಮಾನಿನ ಅಂಗಡಿಯೊಂದರ ಹಿಂಬದಿಯ ಕೋಣೆ. ಇಲ್ಲಿ ಹೆಚ್ಚು ಬಿಕರಿಯಾಗುವುದು ಕಡಿಮೆ ಬೆಲೆಯ ಚಪ್ಪಟೆ ಮಾನಿಟರುಗಳು. ಅಂಗಡಿ ತೆರೆಯುವ ಮೊದಲೇ ಬಂದು, ಮಾರಾಟಕ್ಕಿಡುವ ಪ್ರತಿಯೊಂದನ್ನೂ ಕತ್ತಲಲ್ಲಿ ಕೂತು ನೋಡುವುದು ಈ ಹೆಂಗಸಿನ ಕೆಲಸ. ಅಂಗಡಿಯ ಫಲಕದಲ್ಲಿ ಅವರ ಹೆಸರಿಲ್ಲ, ರಸೀದಿಯಲ್ಲೂ ಇಲ್ಲ. ಎಲ್ಲರ ಬಾಯಲ್ಲೂ ಅವರು ಚುಕ್ಕಿ ಅಕ್ಕ. ಅವರಿಗಿಂತ ವಯಸ್ಸಿನಲ್ಲಿ ದೊಡ್ಡವರಾದ ಮಾಲೀಕರಿಗೂ ಅಕ್ಕನೇ. ಪರದೆಯಲ್ಲಿ ಸತ್ತು ಕೂತಿರುವ, ಸಾಸಿವೆಗಿಂತ ಸಣ್ಣ ಚುಕ್ಕಿಗಳನ್ನು ಹುಡುಕುತ್ತಾರೆಂದು ಮೊದಲು ಆ ಹೆಸರು ಬಂತು. ಈಗ ಅದಕ್ಕೆ ಇನ್ನೊಂದು ಕಾರಣವೂ ಇದೆ. ಒಪ್ಪಿಗೆಯಾದ ಮಾನಿಟರಿನ ಬೆನ್ನಿಗೆ, ಕೆಳಗಿನ ಮೂಲೆಯಲ್ಲಿ, ಅವರು ಕೆಂಪು ನೇಲ್ ಪಾಲಿಶಿನ ಒಂದು ಚುಕ್ಕಿ ಇಡುತ್ತಾರೆ. ಗೊತ್ತಿರುವ ಗಿರಾಕಿಗಳು ಮಾನಿಟರಿನ ಮುಖ ನೋಡುವ ಮೊದಲು ಬೆನ್ನು ತಿರುಗಿಸಿ ನೋಡುತ್ತಾರೆ.

ಮಾನಿಟರನ್ನು ಹೊತ್ತಿಸಿದ ಕೂಡಲೇ ಅವರು ನೋಡುವುದಿಲ್ಲ. ಅದು ಬಿಸಿಯಾಗಬೇಕು. ಅಷ್ಟರಲ್ಲಿ ಕೋಣೆ ಗುಡಿಸಿ, ಟೀ ಕಾಸಿಕೊಂಡು ಕುಡಿಯುತ್ತಾರೆ. ಆಮೇಲೆ ಬಿಳಿ, ಕಪ್ಪು, ಕೆಂಪು, ಹಸಿರು, ನೀಲಿ, ಒಂದೊಂದೇ ಬಣ್ಣವನ್ನು ಪರದೆಯ ತುಂಬ ಹರಡಿ ಕಣ್ಣಾಡಿಸುತ್ತಾರೆ. ಅನುಮಾನ ಬಂದ ಕಡೆ ಮೊದಲು ಬಟ್ಟೆಯಿಂದ ಒರೆಸುತ್ತಾರೆ, ಎಷ್ಟೋ ಚುಕ್ಕಿ ಬರೀ ಧೂಳು. ಪಕ್ಕಕ್ಕೆ ಸರಿದು, ನಿಂತು, ಬಗ್ಗಿ, ಬಣ್ಣ ಬದಲಾಗುತ್ತದೋ ನೋಡುತ್ತಾರೆ. ಮೇಜನ್ನು ಮೊಣಕೈಯಿಂದ ತಟ್ಟುತ್ತಾರೆ. ಸ್ಟ್ಯಾಂಡು ಗಟ್ಟಿಯಿಲ್ಲದ ಮಾನಿಟರ್ ಟೈಪ್ ಮಾಡುವವರ ಎದುರು ದಿನವಿಡೀ ತಲೆಯಾಡಿಸುತ್ತಾ ಕೂತಿರುತ್ತದೆ. ಕೊನೆಗೆ ಪೆನ್ಸಿಲ್.

“ನಿದ್ದೆ ಮಾಡಿ ಎದ್ದ ಕಣ್ಣಿಗೆ ಮಾತ್ರ ಇದೆಲ್ಲ ಕಾಣೋದು,” ಅನ್ನುತ್ತಾರೆ. “ಊಟದ ಹೊತ್ತಾಯ್ತು ಅಂದ್ರೆ ನನ್ನ ಕಣ್ಣೂ ಎಲ್ಲರ ಕಣ್ಣಿನ ಹಾಗೇ. ಆಮೇಲೆ ಚುಕ್ಕಿ ಇಟ್ರೆ ಅದು ಬರೀ ಸುಳ್ಳು.”

ಶಟರ್ ಮೇಲೇರಿದ ಮೇಲೆ ಅವರ ಇನ್ನರ್ಧ ಕೆಲಸ ಶುರು. ಮುಂಭಾಗದಲ್ಲಿ ಸಾಲಾಗಿ ನಿಂತ ಪರದೆಗಳಲ್ಲಿ ಮೀನುಗಳು ಈಜುತ್ತಿರುತ್ತವೆ, ಹೂವುಗಳು ಅರಳುತ್ತಿರುತ್ತವೆ. ಬಂದವರ ಕಾಲು ಅಲ್ಲೇ ಅಂಟಿಕೊಳ್ಳುತ್ತದೆ. ಇಂದು ಬೆಳಿಗ್ಗೆ ಬಂದ ಮೊದಲ ಗಿರಾಕಿ, ನಾಲ್ಕಾರು ಅಂಗಡಿಗಳ ಲೆಕ್ಕಪತ್ರ ನೋಡಿಕೊಳ್ಳುವ ನಡುವಯಸ್ಸಿನವರು, ಕನ್ನಡಿಯಂತೆ ಹೊಳೆಯುವ ಪರದೆಯೊಂದರ ಮೇಲೆ ಮನಸ್ಸಿಟ್ಟಿದ್ದಾರೆ. ಬಣ್ಣ ನೋಡಿ ಹೇಗಿದೆ, ಎಂದು ಅಂಗಡಿಯವರಿಗೇ ಮಾರುತ್ತಿದ್ದಾರೆ. ಚುಕ್ಕಿ ಅಕ್ಕ ಬೇಡ ಎನ್ನುವುದಿಲ್ಲ. ಅದನ್ನು ಎತ್ತಿಕೊಂಡು ಹೋಗಿ ಮೂಲೆಯ ಮೇಜಿನ ಮೇಲಿಟ್ಟು, ಎದುರಿನ ಮರದ ಕುರ್ಚಿ ಎಳೆಯುತ್ತಾರೆ. ನಿಂತು ನೋಡಿದವರಿಗೆ ಈ ಅಂಗಡಿಯಲ್ಲಿ ಮಾನಿಟರ್ ಕೊಡುವುದಿಲ್ಲ. ಕೂರಬೇಕು, ತಮ್ಮದೇ ಕೆಲಸ ತೆರೆಯಬೇಕು, ಕತ್ತು ಬೇಸರಪಡುವಷ್ಟು ಹೊತ್ತು ಮಾಡಬೇಕು. ಮೀನನ್ನು ನೋಡಿ ಮಾನಿಟರ್ ಕೊಂಡವರು ಮೀನು ಮಾರುವವರಾಗಿದ್ದರೆ ಸರಿ ಎಂಬುದು ಮಾಲೀಕರ ಹಳೆಯ ತಮಾಷೆ.

ಲೆಕ್ಕದವರು ಪೆನ್‌ಡ್ರೈವ್ ಚುಚ್ಚಿ ತಮ್ಮ ಅಂಕಿಗಳ ಹಾಳೆ ತೆರೆಯುತ್ತಾರೆ. ಸ್ವಲ್ಪ ಹೊತ್ತಿಗೆ ಕುರ್ಚಿಯಲ್ಲಿ ಆ ಕಡೆ ಈ ಕಡೆ ವಾಲಲು ತೊಡಗುತ್ತಾರೆ.

“ಏನಾಯ್ತು ಸಾರ್?”

“ಈ ಟ್ಯೂಬ್‌ಲೈಟು ಸರಿಯಾಗಿ ಮೊತ್ತದ ಮೇಲೇ ಬಂದು ಕೂತಿದೆಯಲ್ಲ. ಪಕ್ಕದಲ್ಲಿ ನನ್ನ ಮುಖ ಬೇರೆ.”

“ಮನೇಲೂ ನಿಮ್ಮ ಮುಖ ನಿಮ್ಮ ಜೊತೆಗೇ ಇರುತ್ತೆ ಸಾರ್.”

ಅವರು ನಕ್ಕು, ಹೊಳಪಿಲ್ಲದ, ಮಂಕು ಮೈಯ ಇನ್ನೊಂದನ್ನು ನೋಡುತ್ತಾರೆ. ಅದರಲ್ಲಿ ಹೂವು ಅಷ್ಟು ಅರಳುವುದಿಲ್ಲ, ಅಂಕಿಗಳು ಮಾತ್ರ ನೆಟ್ಟಗೆ ನಿಲ್ಲುತ್ತವೆ. ಇದು ಸ್ವಲ್ಪ ಸಪ್ಪೆ ಅಲ್ಲವೇ ಎಂದು ಕೊನೆಯ ಆಕ್ಷೇಪ ಎತ್ತುತ್ತಾರೆ. ಚುಕ್ಕಿ ಅಕ್ಕ ದಿನಕ್ಕೆ ಹಲವು ಸಲ ಹೇಳುವ ಮಾತನ್ನು ಇವರಿಗೂ ಹೇಳುತ್ತಾರೆ. “ಈ ಬೆಲೆಗೆ ಎಲ್ಲಾ ಸಿಗಲ್ಲ. ಏನು ಬೇಕು ಅಂತ ಎಲ್ಲರಿಗೂ ಗೊತ್ತಿರುತ್ತೆ. ಏನನ್ನ ಬಿಡ್ತೀರಿ ಅಂತ ಯೋಚನೆ ಮಾಡಿ, ಆಗ ಸುಲಭ.”

ಲೆಕ್ಕದವರು ಹೂವನ್ನು ಬಿಡುತ್ತಾರೆ.

ಒಂದು ಕಾಲಕ್ಕೆ ಚುಕ್ಕಿ ಅಕ್ಕ ಇಂಥದೇ ಪರದೆಯ ಇನ್ನೊಂದು ಬದಿಯಲ್ಲಿದ್ದವರು. ವಿಮಾ ಕಚೇರಿಯೊಂದರಲ್ಲಿ ಅರ್ಜಿಗಳನ್ನು ಕಂಪ್ಯೂಟರಿಗೆ ತುಂಬುತ್ತಿದ್ದರು. ಊಟದ ಹೊತ್ತಿಗೆ ಎಡಗಣ್ಣಿನ ಹಿಂದೆ ನೋವು ಹುಟ್ಟಿ, ಸಂಜೆಗೆ ಅರ್ಧ ತಲೆ ಹಿಡಿದುಕೊಳ್ಳುತ್ತಿತ್ತು. ಕಣ್ಣಿನ ಡಾಕ್ಟರು ಕನ್ನಡಕ ಕೊಟ್ಟರು, ಆಮೇಲೆ ಅದನ್ನು ಬದಲಿಸಿದರು. ನೋವು ಜಗ್ಗಲಿಲ್ಲ. ಲಿಫ್ಟ್ ರಿಪೇರಿ ಮಾಡುವ ಗಂಡ, ಕಚೇರಿ ಬಾಗಿಲಲ್ಲಿ ತಲೆನೋವನ್ನು ಹಂಚುತ್ತಾರಾ ಎಂದು ಚುಡಾಯಿಸುತ್ತಿದ್ದರು. ಕಚೇರಿಯವರು ಚುಡಾಯಿಸಲಿಲ್ಲ, ನೇರವಾಗಿ ನೆಪ ಎಂದರು. ಹಾಗೆ ಕೆಲಸ ಹೋಯಿತು. ಈ ಅಂಗಡಿಗೆ ಅವರು ಬಂದದ್ದು ಬಿಲ್ಲು ಬರೆಯಲು, ಫೋನು ಎತ್ತಲು.

ಬಂದ ಕೆಲವೇ ತಿಂಗಳಲ್ಲಿ, ಪುಸ್ತಕದ ಕರಡು ತಿದ್ದುವ ಒಬ್ಬರು ತಾವು ಕೊಂಡ ಮಾನಿಟರನ್ನು ಹೊತ್ತುಕೊಂಡು ವಾಪಸ್ ಬಂದರು. ತಲೆನೋವು ಬರುತ್ತದೆ ಎಂಬುದು ದೂರು. ಅಂಗಡಿಯಲ್ಲಿ ಹೊತ್ತಿಸಿದರೆ ಅದು ಸೊಗಸಾಗಿತ್ತು. ರಿಪೇರಿಯವನು ನೋಡಿದ, ಮಾಲೀಕರು ನೋಡಿದರು. ಬೇರೆ ಕಡೆ ಇನ್ನೂ ಅಗ್ಗಕ್ಕೆ ಸಿಕ್ಕಿರಬೇಕು, ಅದಕ್ಕೇ ನೆಪ ಹೇಳುತ್ತಿದ್ದಾರೆ ಎಂದು ತೀರ್ಮಾನವಾಗಿ, ಅವರು ಮಾನಿಟರನ್ನು ಮತ್ತೆ ಹೊತ್ತುಕೊಂಡೇ ಮನೆಗೆ ಹೋದರು. ನೆಪ ಎಂಬ ಮಾತು ಬಿಲ್ಲಿನ ಮೇಜಿನವರೆಗೂ ಕೇಳಿಸಿತು. ಸಂಜೆ ಮನೆಗೆ ಹೋಗುವ ದಾರಿಯಲ್ಲಿ ಚುಕ್ಕಿ ಅಕ್ಕ ಬಿಲ್ಲಿನಲ್ಲಿದ್ದ ವಿಳಾಸ ಹಿಡಿದು ಆ ಗಿರಾಕಿಯ ಮನೆಯ ಬಾಗಿಲು ತಟ್ಟಿದರು.

ಒಂದೇ ಕೋಣೆಯ ಮನೆ. ಮೂಲೆಯಲ್ಲಿ ಎಳೆಗೂಸು ಮಲಗಿತ್ತು. ಬೆಳಕಿಗೆ ಅದು ಏಳದಿರಲೆಂದು ಕರಡು ತಿದ್ದುವವರು ಪರದೆಯನ್ನು ಅದು ಮಂಕಾಗುವಷ್ಟೂ ಮಂಕು ಮಾಡಿಕೊಂಡು ಕೂತಿದ್ದರು. ಚುಕ್ಕಿ ಅಕ್ಕ ಅವರ ಕುರ್ಚಿಯಲ್ಲಿ ಕೂತು ಓದತೊಡಗಿದರು. ಕೂಸು ಮಗ್ಗುಲು ಬದಲಿಸುವಷ್ಟರಲ್ಲಿ ಎಡಗಣ್ಣಿನ ಹಿಂದೆ ಆ ಹಳೆಯ ನೋವು ಬಂದು ನಿಂತಿತು.

ಅಂಗಡಿಯವರು ಮಾತ್ರ ಮಾಡಬಹುದಾದ ತಪ್ಪು ಅದು. ಅವರು ಸಾಮಾನನ್ನು ಸದಾ ಅಂಗಡಿಯ ಝಗಮಗದಲ್ಲಿ, ಪೂರ್ತಿ ಬೆಳಕಿನಲ್ಲಿ ನೋಡುತ್ತಾರೆ. ಕೆಲವು ಅಗ್ಗದ ಮಾನಿಟರುಗಳು ಬೆಳಕು ತಗ್ಗಿಸು ಎಂದಾಗ ನಿಜಕ್ಕೂ ತಗ್ಗಿಸುವುದಿಲ್ಲ. ಪರದೆಯ ಹಿಂದಿರುವ ದೀಪವನ್ನು ಕಣ್ಣಿಗೆ ಸಿಗದಷ್ಟು ಬೇಗ ಬೇಗ ಆರಿಸಿ ಹೊತ್ತಿಸುತ್ತವೆ, ನೋಡುವವರಿಗೆ ಅದು ಮಂದವಾಗಿ ತೋರುತ್ತದೆ. ಬಹಳ ಜನಕ್ಕೆ ಈ ಮಿಣುಕು ಏನೂ ಮಾಡುವುದಿಲ್ಲ. ಕೆಲವರಿಗೆ ತಲೆ ಸಿಡಿಯುತ್ತದೆ. ಮರುದಿನ ರಿಪೇರಿಯವನೇ ಪೆನ್ಸಿಲ್ ಬೀಸಿ ಅದನ್ನು ಹಿಡಿಯುವ ಬಗೆ ತೋರಿಸಿಕೊಟ್ಟ. ಕರಡು ತಿದ್ದುವವರಿಗೆ ಬೇರೆ ಮಾನಿಟರ್ ಹೋಯಿತು. ಹಿಂಬದಿಯ ಕೋಣೆಯ ಕಿಟಕಿಗೆ ಕಪ್ಪು ಬಟ್ಟೆ ಬಂತು. ತಲೆನೋವಿಗೆ ಸಂಬಳ ಕೊಡುವ ಮೊದಲ ಅಂಗಡಿ ನಮ್ಮದೇ ಇರಬೇಕು ಎಂದು ಮಾಲೀಕರು ಇವತ್ತಿಗೂ ಹೇಳುತ್ತಿರುತ್ತಾರೆ.

ಈ ವಾರ ಮಾತ್ರ ಅವರು ಹಾಗೆ ಹೇಳುತ್ತಿಲ್ಲ. ಹಿಂಬದಿಯ ಕೋಣೆಯಲ್ಲಿ, ಗೋಡೆಗೆ ಒತ್ತಿ, ಹೊಸ ಡಬ್ಬಿಗಳು ಎದೆಯೆತ್ತರಕ್ಕೆ ನಿಂತಿವೆ. ಸ್ಕ್ಯಾನಿಂಗ್ ಕೇಂದ್ರವೊಂದರ ವರದಿ ಕೋಣೆಗೆ ಬೇಕಾದ ಮಾನಿಟರುಗಳವು, ಅಂಗಡಿಗೆ ಈ ವರ್ಷ ಸಿಕ್ಕ ದೊಡ್ಡ ಆರ್ಡರ್. ಕೇಂದ್ರದ ಖರೀದಿ ಅಧಿಕಾರಿಯೇ ಬಂದು, ನಿಂತು ನೋಡಿ, ಈ ಮಾದರಿಯನ್ನು ಆರಿಸಿದ್ದಾರೆ. ಅಂಚು ತೆಳು, ಬಣ್ಣ ಚೆನ್ನ, ಬೆಲೆ ಅವರ ಮಿತಿಯೊಳಗೆ. ಆದರೆ ಎಲ್ಲದರ ಬೆನ್ನಿಗೂ ಅಕ್ಕನ ಕೆಂಪು ಚುಕ್ಕಿ ಇರಬೇಕೆಂಬ ಷರತ್ತು ಹಾಕಿದ್ದಾರೆ. ಹಾಗೆ ಕೇಳಬೇಕೆಂದು ಅವರ ತಲೆಗೆ ತುಂಬಿದ್ದು ಅದೇ ಕೋಣೆಯಲ್ಲಿ ವರದಿ ಟೈಪ್ ಮಾಡುವ ಹುಡುಗಿ, ಅಂದರೆ ಚುಕ್ಕಿ ಅಕ್ಕನ ನಾದಿನಿ. ಅತ್ತಿಗೆಯ ಚುಕ್ಕಿಯ ಬಗ್ಗೆ ಆಕೆ ಕಚೇರಿಯಲ್ಲಿ ಕೊಚ್ಚಿಕೊಂಡದ್ದು ಸ್ವಲ್ಪ ಹೆಚ್ಚೇ ಆಯಿತು.

ಅಲ್ಲಿ ಡಾಕ್ಟರುಗಳು ಎಕ್ಸ್-ರೇ ನೋಡುವುದೂ ಹುಡುಗಿಯರು ಟೈಪ್ ಮಾಡುವುದೂ ಒಂದೇ ಕೋಣೆಯಲ್ಲಿ. ಎಕ್ಸ್-ರೇ ಕಾಣಲು ಕೋಣೆ ಮಬ್ಬಾಗಿರಬೇಕು. ಆದ್ದರಿಂದ ಟೈಪ್ ಮಾಡುವವರು ತಮ್ಮ ಪರದೆಯನ್ನು ತೀರಾ ತಗ್ಗಿಸಿಕೊಂಡೇ ಕೂರಬೇಕು. ಬೆಳಿಗ್ಗೆ ಪೆನ್ಸಿಲ್ಲನ್ನು ಬಾಚಣಿಗೆ ಮಾಡಿದ್ದು ಇದೇ ರಾಶಿಯ ಮಾನಿಟರ್. ನಿನ್ನೆ ತೆರೆದವೂ ಹಾಗೆಯೇ ಮಾಡಿದ್ದವು.

ನಿನ್ನೆ ಸಂಜೆ ಮನೆಯಲ್ಲಿ, ಒಗೆದ ಬಟ್ಟೆ ಮಡಚುತ್ತಾ, ಚುಕ್ಕಿ ಅಕ್ಕ ಇದನ್ನು ನಾದಿನಿಗೆ ಹೇಳಿದರು. ಆಕೆಯ ಕೈ ನಿಂತಿತು. ವರದಿ ಕೋಣೆಯ ಹಳೆಯ ಮಾನಿಟರುಗಳಲ್ಲಿ ಗೆರೆ ಬಿದ್ದು ಅಕ್ಷರ ಮುಚ್ಚಿಹೋಗುತ್ತಿದೆ, ಮೊನ್ನೆ ಬಲ ಮೊಣಕಾಲು ಎಂದಿರಬೇಕಾದ ಕಡೆ ಎಡ ಎಂದು ಟೈಪಾಗಿ, ಡಾಕ್ಟರು ಹಿಡಿದದ್ದರಿಂದ ಬಚಾವಾಯಿತು ಎಂದಳು. ಈ ತಿಂಗಳು ಹೊಸದು ಬರದಿದ್ದರೆ ಟೈಪಿಂಗನ್ನೇ ಹೊರಗಿನವರಿಗೆ ಕೊಟ್ಟುಬಿಡುತ್ತಾರಂತೆ, ಆಗ ಅಲ್ಲಿ ಕೂರುವ ಯಾರಿಗೂ ಕೆಲಸ ಉಳಿಯುವುದಿಲ್ಲ.

“ಮಿಣುಕಿದ್ರೆ ಮಿಣುಕ್ಲಿ ಅತ್ತಿಗೆ. ಎಲ್ಲರಿಗೂ ನಿಮ್ಮ ಹಾಗೆ ತಲೆನೋವು ಬರುತ್ತಾ?”

“ಯಾರಿಗೆ ಬರುತ್ತೆ ಅಂತ ಮುಂಚೆ ಗೊತ್ತಾಗಲ್ಲ ಕಣೇ.”

“ಬಂದೋರು ಮಾತ್ರೆ ನುಂಗ್ತಾರೆ. ಕೆಲಸ ಹೋದ್ರೆ ಏನು ನುಂಗೋದು?”

ಚುಕ್ಕಿ ಅಕ್ಕ ಮಡಚಿದ ಬಟ್ಟೆಗಳನ್ನೆತ್ತಿ ಒಳಗಿಟ್ಟು ಬಂದರು.

ಮಧ್ಯಾಹ್ನ ಗಿರಾಕಿಗಳು ಕರಗಿದ ಮೇಲೆ ಮಾಲೀಕರು ಹಿಂಬದಿಯ ಕೋಣೆಗೆ ಬರುತ್ತಾರೆ. ಅವರು ಕೆಟ್ಟವರಲ್ಲ. ಪೆನ್ಸಿಲ್ಲನ್ನು ತಾವೂ ಒಮ್ಮೆ ಬೀಸಿ ನೋಡುತ್ತಾರೆ, ಬಾಚಣಿಗೆ ಅವರಿಗೂ ಕಾಣುತ್ತದೆ. ತೆರೆಯದ ಡಬ್ಬಿಗಳನ್ನು ಸಗಟು ವ್ಯಾಪಾರಿ ವಾಪಸ್ ತೆಗೆದುಕೊಳ್ಳುತ್ತಾನೆ, ಆದರೆ ಆರ್ಡರ್ ಕೈತಪ್ಪುತ್ತದೆ. ಮಿಣುಕದ ಇನ್ನೊಂದು ಮಾದರಿ ಅಂಗಡಿಯಲ್ಲೇ ಇದೆ, ಬೆಲೆಯೂ ಹೆಚ್ಚುಕಮ್ಮಿ ಅಷ್ಟೇ. ಅದನ್ನು ಕೊಡಿ ಎಂದು ಚುಕ್ಕಿ ಅಕ್ಕ ಮೊದಲ ದಿನದಿಂದ ಹೇಳುತ್ತಿದ್ದಾರೆ. ಅದರ ಅಂಚು ದಪ್ಪ, ಬಣ್ಣ ಸಪ್ಪೆ. ಖರೀದಿ ಅಧಿಕಾರಿ ಅದನ್ನು ನೋಡಿ, ಹಳೇ ಸಾಮಾನು ಸಾಗಹಾಕುತ್ತಿದ್ದೀರಾ ಎಂದು ಮುಖ ಸಿಂಡರಿಸಿದ್ದಾರೆ. ಇಂದು ಬೆಳಿಗ್ಗೆ ಮತ್ತೆ ಫೋನು ಮಾಡಿದಾಗಲೂ ಅದೇ ಮಾತು, ಸಂಜೆಯೊಳಗೆ ತೆಳು ಅಂಚಿನದ್ದೇ ಬರಬೇಕು.

“ಆರಿಸಿದ್ದು ಅವರು, ನಾವಲ್ಲ,” ಅನ್ನುತ್ತಾರೆ ಮಾಲೀಕರು.

“ಅವರು ಆರಿಸಿದ್ದು ಅವರಿಗಲ್ಲವಲ್ಲ ಸಾರ್. ಅದರ ಮುಂದೆ ಅವರು ಕೂರಲ್ಲ.”

“ಚುಕ್ಕಿ ಇಲ್ಲದೇ ಕಳಿಸಿದ್ರೆ ವಾಪಸ್ ಬರುತ್ತೆ.”

“ಬರಲಿ. ಆಮೇಲೆ ಕುರ್ಚಿ ಹಾಕಿ ಅವರನ್ನೂ ಒಂದು ಸಲ ಕೂರಿಸೋಣ. ದೀಪ ಆರಿಸಿ, ಬೆಳಕು ತಗ್ಗಿಸಿ.”

ಅಷ್ಟು ದೊಡ್ಡ ಅಧಿಕಾರಿ ಈ ಮರದ ಕುರ್ಚಿಯಲ್ಲಿ ಕೂರುವವರಲ್ಲ ಎಂದು ಇಬ್ಬರಿಗೂ ಗೊತ್ತು. ಮಾಲೀಕರು ಡಬ್ಬಿಗಳ ರಾಶಿಗೆ ಬೆನ್ನು ಕೊಟ್ಟು ನಿಲ್ಲುತ್ತಾರೆ. ಬೀದಿಯಲ್ಲಿ ಸಾಮಾನು ಸಾಗಿಸುವ ವ್ಯಾನು ಆಗಲೇ ಬಂದು ಎಂಜಿನ್ ಆರಿಸಿದ ಸದ್ದು ಕೇಳುತ್ತದೆ. ಮಾಲೀಕರು ಬಾಗಿಲು ಮುಂದಕ್ಕೆ ಮಾಡಿ ದನಿ ತಗ್ಗಿಸುತ್ತಾರೆ.

“ಒಂದು ಕೆಲಸ ಮಾಡೋಣ. ದಪ್ಪ ಅಂಚಿನದ್ದು ಒಂದು, ನಿಮ್ಮ ನಾದಿನಿ ಮೇಜಿಗೆ ಬೇರೆಯಾಗಿ ಕಳಿಸ್ತೀನಿ. ದುಡ್ಡು ಬೇಡ. ಅವಳ ಕಣ್ಣಿಗೂ ಏನೂ ಆಗಲ್ಲ, ಕೆಲಸಾನೂ ಉಳಿಯುತ್ತೆ. ಮಿಕ್ಕಿದ್ದಕ್ಕೆಲ್ಲ ಚುಕ್ಕಿ ಇಟ್ಟುಬಿಡಿ, ಅಕ್ಕ.”

ಚುಕ್ಕಿ ಅಕ್ಕ ಕುರ್ಚಿಯಿಂದ ಏಳುತ್ತಾರೆ. ತೆರೆದಿದ್ದ ಮಾನಿಟರಿನ ತಂತಿ ಕಳಚಿ, ಸುತ್ತಿ, ಅದನ್ನು ಡಬ್ಬಿಯೊಳಗೆ ಇಳಿಸುತ್ತಾರೆ.

“ಇಡಲ್ಲ ಸಾರ್,” ಅನ್ನುತ್ತಾರೆ. “ಅವಳೊಬ್ಬಳಿಗೆ ಬೇರೆಯದೂ ಬೇಡ.”