ಅಂಬೆಗಾಲಿನ ಪರೀಕ್ಷೆ

ಅವಳ ನಿಜವಾದ ಹೆಸರು ಕರೆಂಟ್ ಬಿಲ್ಲಿನಲ್ಲಿ ಮಾತ್ರ ಉಳಿದಿತ್ತು. ಬೀದಿಗೆಲ್ಲ ಅವಳು ತೊಟ್ಟಿಲಕ್ಕ. ಕೆಲಸಕ್ಕೆ ಹೋಗುವ ತಾಯಂದಿರು ಬೆಳಿಗ್ಗೆ ಮಕ್ಕಳನ್ನು ಅವಳ ಮಡಿಲಿಗೆ ಹಾಕಿ, ಮಕ್ಕಳ ಚೀಲವನ್ನು ಬಾಗಿಲ ಪಕ್ಕದ ಗೂಟಕ್ಕೆ ತಗಲಿಸಿ ಓಡುತ್ತಿದ್ದರು. ಸಂಜೆಯವರೆಗೆ ಆ ಮನೆಯ ಹಾಲಿನಲ್ಲಿ ಬದುಕೆಲ್ಲ ನೆಲದ ಮೇಲೆಯೇ. ಅಲ್ಲೇ ಊಟ, ಅಲ್ಲೇ ಜಗಳ, ಅಲ್ಲೇ ನಿದ್ದೆ. ತೊಟ್ಟಿಲಕ್ಕನ ಬಟ್ಟೆಗಳೆಲ್ಲ ಮೊದಲು ಸವೆಯುತ್ತಿದ್ದುದು ಮಂಡಿಯ ಹತ್ತಿರ.

ಒಂದು ಶುಕ್ರವಾರ ಸಂಜೆ, ಬ್ಯಾಂಕಿನಲ್ಲಿ ಕೆಲಸ ಮಾಡುವ ತಾಯಿಯೊಬ್ಬಳು ಮಗನ ಚೀಲ ತೆರೆದಳು. ಒಳಗಿನಿಂದ ಜಿರಳೆಯೊಂದು ಹೊರಬಂದು, ಮೀಸೆ ಆಡಿಸಿ, ಗೋಡೆ ಹತ್ತಿತು. ಅದಕ್ಕೆ ಯಾವ ಅವಸರವೂ ಇರಲಿಲ್ಲ. ಮನೆ ಯಜಮಾನ ಊಟ ಮುಗಿಸಿ ಅಡ್ಡಾಡುವ ಹಾಗಿತ್ತು ಅದರ ನಡಿಗೆ.

"ನಿಮ್ಮ ಮೇಲೆ ನನಗೇನೂ ಇಲ್ಲ ಅಕ್ಕ," ಎಂದಳು ಬ್ಯಾಂಕಿನಾಕೆ, ಕಣ್ಣನ್ನು ಗೋಡೆಯಿಂದ ಕೀಳದೆ. "ಆದ್ರೆ ಇವನು ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕ್ಕೊಳ್ತಾನೆ. ಜಿರಳೇನೂ ಬೇಡ, ಅದಕ್ಕೆ ಹಾಕೋ ವಿಷಾನೂ ಬೇಡ. ಸೋಮವಾರ ಬಂದು ನೋಡ್ತೀನಿ. ಸರಿ ಕಾಣ್ಲಿಲ್ಲ ಅಂದ್ರೆ ಬೇರೆ ಕಡೆ ಬಿಡಬೇಕಾಗುತ್ತೆ."

ಮುಂದಿನ ಎರಡು ಹಲ್ಲುಗಳ ದೆಸೆಯಿಂದ ಮೊಲ ಎಂದು ಹೆಸರಾಗಿದ್ದ ಆ ಮಗ, ತೊಟ್ಟಿಲಕ್ಕನ ಕೊರಳು ಬಿಡಲು ಒಪ್ಪಲಿಲ್ಲ. ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಅವಳು ತಾಯಿಯ ಕೈಗೆ ಕೊಟ್ಟಳು. ಒಬ್ಬ ತಾಯಿ ಬಿಟ್ಟುಹೋದರೆ ಸುದ್ದಿ ಬೀದಿ ಸುತ್ತುತ್ತದೆ. ಆಮೇಲೆ ಉಳಿದವರೂ ಒಂದೊಂದು ನೆಪ ಹುಡುಕುತ್ತಾರೆ. ಬರಿದಾದ ಗೂಟಗಳ ಸಾಲು ಅವಳ ಕಣ್ಣಿಗೆ ಕಟ್ಟಿತು.

"ಪೆಸ್ಟ್ ಕಂಟ್ರೋಲಿನವರನ್ನ ಫೋನಲ್ಲಿ ಹುಡುಕಮ್ಮ," ಎಂದರು ತೊಟ್ಟಿಲಕ್ಕನ ಮಾವ, ಕಿಟಕಿ ಪಕ್ಕದ ತಮ್ಮ ಮೆತ್ತನೆ ಕುರ್ಚಿಯಿಂದ. "ಸ್ಟಾರ್ ಜಾಸ್ತಿ ಇರೋರನ್ನ ಕರಿ."

"ಎಲ್ಲರಿಗೂ ಅರ್ಧ ಆಕಾಶದಷ್ಟು ಸ್ಟಾರ್ ಇದೆ ಮಾವ. ಯಾರನ್ನ ನಂಬೋದು?"

"ನಮ್ಮ ಕಾಲದಲ್ಲಿ ಒಂದೇ ಕಂಪನಿ ಇತ್ತು. ಚಪ್ಪಲಿ."

ಕೊನೆಗೆ ಅವಳು ಮೂರು ಕಂಪನಿಗೆ ಫೋನ್ ಮಾಡಿದಳು. ಶನಿವಾರ ಬೆಳಿಗ್ಗೆ ಮೊದಲು ಬಂದವನು ಟೈ ಕಟ್ಟಿದ್ದ. ಬಣ್ಣದ ಪುಸ್ತಕ ಬಿಡಿಸಿ, ಜಿರಳೆಯ ವಂಶಾವಳಿಯನ್ನು ತನ್ನ ಬೀಗರ ಮನೆತನದ ಹಾಗೆ ವಿವರಿಸಿದ. ಇಡೀ ನೆಲಕ್ಕೆ ಸ್ಪ್ರೇ ಹೊಡೆಯಬೇಕು ಎಂದ.

"ಮಕ್ಕಳಿಗೆ ಏನೂ ಆಗಲ್ವಾ?"

"ಏನೂ ಆಗಲ್ಲ ಮೇಡಂ. ನೆಲ ನೆಕ್ಕಬಾರದು, ಅಷ್ಟೆ."

"ನೆಲ ನೆಕ್ಕದೇ ಇರೋ ಮಗೂನ ನಾನಿನ್ನೂ ನೋಡಿಲ್ಲ," ಎಂದಳು ತೊಟ್ಟಿಲಕ್ಕ. ಆಗಲೇ ಅವಳಿಗೆ ಆ ಯೋಚನೆ ಹೊಳೆದದ್ದು. "ಒಂದು ಕೆಲಸ ಮಾಡಿ. ಅಂಬೆಗಾಲಿಟ್ಟು ಈ ಹಾಲನ್ನ ಒಂದು ಸುತ್ತು ಬನ್ನಿ. ನಮ್ಮ ಗಿರಾಕಿಗಳಿಗೆ ಮನೆ ಕಾಣೋದು ಅಲ್ಲಿಂದಾನೇ."

ಅವನು ತನ್ನ ಪ್ಯಾಂಟಿನ ಇಸ್ತ್ರಿಯ ಗೆರೆ ನೋಡಿಕೊಂಡ. "ನಮ್ಮ ಕಂಪನಿಯಲ್ಲಿ ಆ ಪದ್ಧತಿ ಇಲ್ಲ ಮೇಡಂ."

ಎರಡನೆಯವನು ಬಾಯಿಮಾತಿನಲ್ಲಿ ಗಟ್ಟಿಗ. "ಪೂರ್ತಿ ಗಿಡಮೂಲಿಕೆ ಅಕ್ಕ. ಕುಡಿದ್ರೂ ಏನಾಗಲ್ಲ."

"ಮತ್ತೆ ಜಿರಳೆ ಹೇಗಪ್ಪ ಸಾಯುತ್ತೆ?" ಎಂದು ಮಾವ ಕೇಳಿದರು.

ಅವನು ಕೈಯಲ್ಲಿದ್ದ ಮದ್ದಿನ ಬಾಟಲಿ ನೋಡಿಕೊಂಡ. "ಅದು ಜಿರಳೆಗೆ ಗೊತ್ತಿರಲ್ಲ ತಾತ."

ಅಂಬೆಗಾಲು ಎಂದದ್ದೇ ತಡ, ಖುಷಿಯಿಂದ ಕೆಳಗಿಳಿದ. ಅರ್ಧ ದಾರಿಯಲ್ಲಿ ಫೋನ್ ಬಂತು. ಅಲ್ಲೇ ಚಕ್ಕಳಮಕ್ಕಳ ಹಾಕಿ ಕೂತು, ಅದೇ ಬಾಟಲಿಯನ್ನು ಕೈಯಲ್ಲಿ ತಿರುಗಿಸುತ್ತ, "ಹೌದು ಸಾರ್, ಘೋರ ವಿಷ. ಒಂದು ಹನಿ ಸಾಕು," ಎಂದ. ತೊಟ್ಟಿಲಕ್ಕ ಅವನಿಗೆ ನೀರು ಕೊಟ್ಟು, ಬಾಗಿಲು ತೋರಿಸಿದಳು.

ಮಧ್ಯಾಹ್ನ ಬಂದವಳು ದಪ್ಪನೆಯ ಹೆಂಗಸು. ತಲೆಗೆ ಕಂಪನಿಯ ಟೋಪಿ, ಕೈಯಲ್ಲಿ ಟಾರ್ಚು. ಷರತ್ತು ಕೇಳಿ ನಿಟ್ಟುಸಿರು ಬಿಟ್ಟಳು. "ಇಳಿಯೋದು ನಾನು, ಎಬ್ಬಿಸೋದು ನೀವು. ಮಂಡಿ ನೋವು." ಅವಳು ಇಳಿದಳೋ ಇಲ್ಲವೋ, ಶನಿವಾರವೂ ಬರುವ ಪುಟ್ಟಿಯೊಬ್ಬಳು ಓಡಿಬಂದು ಬೆನ್ನೇರಿದಳು. ಸವಾರಿ ಮೇಜಿನ ಕೆಳಗೆ ನುಸುಳಿ, ತೊಟ್ಟಿಲು ಸುತ್ತಿ, ಮಾವನ ಕುರ್ಚಿಯ ಬಳಿ ನಿಂತಿತು.

"ನನ್ನ ಕುರ್ಚಿ ಕೆಳಗೆ ಏನೂ ಇಲ್ಲಮ್ಮ," ಎಂದರು ಮಾವ, ಯಾರೂ ಕೇಳುವ ಮುಂಚೆಯೇ.

ಟಾರ್ಚು ಹತ್ತಿತು. ಕುರ್ಚಿಯ ತಳದ ಬಟ್ಟೆ ಹರಿದು ಜೋಲಿಯಂತೆ ಇಳಿಬಿದ್ದಿತ್ತು. ಒಳಗೆ ಕ್ರೀಮ್ ಬಿಸ್ಕತ್ತು, ಅರ್ಧ ಚೀಪಿ ಕಾಗದ ಸುತ್ತಿಟ್ಟ ಪೆಪ್ಪರ್‌ಮೆಂಟು, ಅವುಗಳ ಸುತ್ತ ಬೀಡುಬಿಟ್ಟ ಜಿರಳೆಗಳ ದೊಡ್ಡ ಸಂಸಾರ. ಮಾವನಿಗೆ ಡಾಕ್ಟರು ಸಿಹಿ ಬಿಡಿಸಿ ಬಹಳ ಕಾಲವಾಗಿತ್ತು. ಮಕ್ಕಳೆಲ್ಲ ದಿನವಿಡೀ ಆ ಕುರ್ಚಿಗೇ ಮುತ್ತುತ್ತಿದ್ದುದನ್ನು ತೊಟ್ಟಿಲಕ್ಕ ತಾತನ ಮೇಲಿನ ಪ್ರೀತಿ ಎಂದುಕೊಂಡಿದ್ದಳು.

ಮಾವ ಕಿಟಕಿಯಾಚೆ ನೋಡುತ್ತ, "ಡಾಕ್ಟರಿಗೆ ಹೇಳಬೇಡಮ್ಮ," ಎಂದರು. ಆ ದನಿ ಮೊಲದ ದನಿಗಿಂತ ದೊಡ್ಡದಾಗಿರಲಿಲ್ಲ.

ಗದರಬೇಕೆಂದು ಬಾಯಿ ತೆರೆದ ತೊಟ್ಟಿಲಕ್ಕ ದನಿ ತಗ್ಗಿಸಿದಳು. "ಹೇಳಲ್ಲ ಮಾವ. ಆದ್ರೆ ಇವತ್ತಿಂದ ನಿಮ್ಮ ತಿಂಡೀಗೂ ಒಂದು ಚೀಲ, ಅದೂ ಗೂಟಕ್ಕೆ. ಏನು ತಿಂದ್ರೂ ನನ್ನ ಕಣ್ಣೆದುರಿಗೆ."

"ಸ್ಪ್ರೇ ಬೇಡ," ಎಂದಳು ಟೋಪಿಯವಳು ನೆಲದಿಂದಲೇ. "ಸಂದಿಗಳಲ್ಲಿ ಚುಕ್ಕೆ ಚುಕ್ಕೆ ಮದ್ದು ಇಡ್ತೀನಿ. ಮಕ್ಕಳ ಬೆರಳು ಎಲ್ಲೆಲ್ಲಿ ಹೋಗುತ್ತೆ ಅಂತ ನೀವು ತೋರಿಸಿ, ಅದನ್ನ ಬಿಟ್ಟು ಇಡೋಣ. ಮತ್ತೆ ಒಂದೂ ಬರಲ್ಲ ಅಂತ ನಾನು ಹೇಳಲ್ಲ. ಅದು ಬಂದ್ರೆ ನಾನೂ ಬರ್ತೀನಿ."

ಆ ಮಾತಿಗೆ ತೊಟ್ಟಿಲಕ್ಕ ಒಪ್ಪಿದಳು. ಭಾನುವಾರ, ಮಕ್ಕಳಿಲ್ಲದ ಮನೆಯಲ್ಲಿ, ಇಬ್ಬರು ಹೆಂಗಸರು ಅಂಬೆಗಾಲಿನಲ್ಲಿ ಮೂಲೆ ಮೂಲೆ ತಿರುಗಿದರು. ಎಬ್ಬಿಸುವ ಕೆಲಸ ಮಾವನಿಗೆ ಬಿತ್ತು.

ಸೋಮವಾರ ಬೆಳಿಗ್ಗೆ ಬ್ಯಾಂಕಿನಾಕೆ ಬಂದಳು. ಮೊಲವನ್ನು ಕೆಳಗಿಳಿಸಿದಳು, ಚೀಲವನ್ನು ಹೆಗಲಿನಿಂದ ಇಳಿಸಲಿಲ್ಲ.

"ಯಾವ ಕಂಪನಿ ಅಕ್ಕ? ಸರ್ಟಿಫಿಕೇಟ್ ಕೊಟ್ಟಿದಾರಾ?"

"ಕೊಟ್ಟಿದಾರೆ. ಅದು ನಿಂತು ಓದೋಕೆ ಆಯ್ತು. ನೀವು ಕೆಳಗಿಳಿದು ನೋಡಿ."

ಅವಳು ತನ್ನ ಇಸ್ತ್ರಿ ಬಟ್ಟೆ ನೋಡಿಕೊಂಡಳು, ಗಡಿಯಾರ ನೋಡಿದಳು. ಆಮೇಲೆ ಮಂಡಿಯೂರಿದಳು. ಮೂಲೆ ನೋಡಿದಳು, ನೆಲ ಮೂಸಿದಳು. ಯಾವ ವಾಸನೆಯೂ ಇರಲಿಲ್ಲ. ಮೇಜಿನ ಕೆಳಗೆ ತಲೆ ಹಾಕಿ ಮೇಲೆ ನೋಡಿದರೆ ಅಲ್ಲೊಂದು ಬೇರೆಯೇ ಆಕಾಶ: ಹಲಗೆಯ ತಳದ ತುಂಬ ಮಕ್ಕಳು ಗೀಚಿದ ಬಣ್ಣದ ಸುರುಳಿಗಳು. ಅಮ್ಮ ಎಂದರೆ ಮೇಲಿನಿಂದ ಇಳಿದು ಬರುವ ಕೈಗಳು ಎಂದು ತಿಳಿದಿದ್ದ ಮೊಲ ಒಂದು ಗಳಿಗೆ ಬೆರಗಾಗಿ ನಿಂತ. ಆಮೇಲೆ ದಡದಡನೆ ಅಂಬೆಗಾಲಿಟ್ಟು ಬಂದು ಅವಳ ಮೂಗಿಗೆ ಮೂಗು ತಾಗಿಸಿ, ಒಂದು ಸುರುಳಿಯನ್ನು ತೋರಿಸಿದ. ಅದು ಅವನದು.

ಬ್ಯಾಂಕಿಗೆ ಅಂದು ತಡವಾಯಿತು. ಎದ್ದವಳು ಮಂಡಿಯನ್ನು ಕೊಡವಿಕೊಳ್ಳಲೂ ಮರೆತು, ಗೋಡೆಯಲ್ಲಿ ಖಾಲಿ ಗೂಟ ಹುಡುಕಿ ಚೀಲ ತಗಲಿಸಿದಳು.

"ಆ ಪಕ್ಕದ ಚೀಲ ನಂದು," ಎಂದರು ಮಾವ ಕಿಟಕಿಯಿಂದ. "ನಿನ್ನ ಮಗನಿಗೆ ಹೇಳಿಹೋಗಮ್ಮ, ಕೈ ಹಾಕಬಾರದು ಅಂತ."