ಮಂಗಳವಾರದ ಪಾದ ತಪಾಸಣೆ

ಮುಂಬೈಯ ಆಂಟಾಪ್ ಹಿಲ್‌ನ ಸರ್ಕಾರಿ ದವಾಖಾನೆಗೆ ನನ್ನನ್ನು ಮುಖ್ಯಸ್ಥೆಯಾಗಿ ಹಾಕಿದಾಗ ಅಲ್ಲಿ ನನಗಿಂತ ಹದಿನೈದು ವರ್ಷ ಹಿರಿಯರಾದ ಡಾಕ್ಟರೊಬ್ಬರಿದ್ದರು. ಮರಾಠಿಯವರು. ಗುತ್ತಿಗೆಯ ನೌಕರಿಯಾದ್ದರಿಂದ ಆ ಕುರ್ಚಿ ಅವರಿಗೆ ಸಿಕ್ಕಿರಲಿಲ್ಲ. ನಾನು ವಿಜಯಪುರದವಳು, ಅವರ ಕಣ್ಣಿಗೆ ಇನ್ನೂ ಹುಡುಗಿ.

ಸಕ್ಕರೆ ಕಾಯಿಲೆ, ಬಿಪಿಯವರ ಸಾಲು ಬೆಳಿಗ್ಗೆಯೇ ಗೇಟು ದಾಟುತ್ತಿತ್ತು. ಹೆಚ್ಚಿನವರಿಗೆ ಬೇಕಾದದ್ದು ಹಳೆಯ ಗುಳಿಗೆಯೇ. ಅದಕ್ಕಾಗಿ ವಾರವಾರವೂ ಕೆಲಸ ಬಿಟ್ಟು ಬರಬೇಕು. ಎರಡು ಸಲ ಬಂದವರು ಮೂರನೇ ಸಲ ಬರುತ್ತಿರಲಿಲ್ಲ. ಕಾಯಿಲೆ ಹತೋಟಿಯಲ್ಲಿರುವವರನ್ನು ಸಿಸ್ಟರ್ ನೋಡಿ ತಿಂಗಳಿನ ಗುಳಿಗೆ ಕೊಡಲಿ, ಏರುಪೇರಾದವರು ಮಾತ್ರ ಡಾಕ್ಟರುಗಳಾದ ನಮ್ಮಿಬ್ಬರ ಬಳಿ ಬರಲಿ ಎಂದು ಯೋಚಿಸಿ ಮೇಲಿನವರ ಒಪ್ಪಿಗೆ ತಂದೆ. ಡಾಕ್ಟರು ರಜೆಯಲ್ಲಿದ್ದ ವಾರವೇ ನೋಟಿಸ್ ಅಂಟಿಸಿದೆ. ಎದುರಿಗೆ ಹೇಳಲು ನನಗೆ ಹೆದರಿಕೆಯಿತ್ತು.

ವಾಪಸು ಬಂದವರು ನೋಟಿಸ್ ಓದಿ ಕೆಲಸಕ್ಕೆ ಕೂತರು. ಸಿಸ್ಟರ್ ನೋಡಿ ಕಳಿಸಿದ ಒಬ್ಬೊಬ್ಬರನ್ನೂ ಮತ್ತೆ ತಮ್ಮ ಕೋಣೆಗೆ ಕರೆಸಿಕೊಂಡರು. ಒಂದು ಸಾಲು ಎರಡಾಯಿತು. ಮೂರನೇ ದಿನ ಸಿಸ್ಟರ್ ನನ್ನ ಬಳಿ ಬಂದು, “ಮೇಡಂ, ನಾನು ಯಾರ ಮಾತು ಕೇಳಲಿ?” ಎಂದರು.

ನೋಟಿಸ್ ಕಿತ್ತೆ. ಮರುದಿನ ಡಾಕ್ಟರ ಕೋಣೆಗೆ ಹೋಗಿ, “ಸರ್, ನಿಮ್ಮನ್ನು ಕೇಳದೆ ಮಾಡಿದ್ದು ತಪ್ಪಾಯಿತು. ಇವತ್ತು ಪಕ್ಕದಲ್ಲಿ ಕೂತು ಕೇಸ್ ಪೇಪರ್ ಬರೆದುಕೊಡುತ್ತೇನೆ,” ಎಂದೆ. ಅವರು ಸ್ಟೂಲು ತೋರಿಸಿದರು.

“ಗೋಲಿ ಲೇತೇ ಹೋ?” ಗುಳಿಗೆ ತಗೊಳ್ಳುತ್ತಿದ್ದೀರಾ ಎಂದು ಡಾಕ್ಟರು ರೋಗಿಯನ್ನು ಕೇಳುತ್ತಿದ್ದರು.

“ಹಾಂ, ಸಾಬ್.”

ಮಧ್ಯಾಹ್ನದವರೆಗೆ ಪ್ರತಿಯೊಬ್ಬರ ಹತ್ತಿರವೂ ಇಷ್ಟೇ ಮಾತು. ಕೊನೆಯವರು ಹೋದ ಮೇಲೆ ಅವರು ಕನ್ನಡಕ ತೆಗೆದಿಟ್ಟರು.

“ಮೊದಲೆಲ್ಲ ಸಕ್ಕರೆ ಕಾಯಿಲೆಯವರ ಪಾದ ನೋಡದೆ ಕಳಿಸುತ್ತಿರಲಿಲ್ಲ ನಾನು. ಇವತ್ತು ಒಬ್ಬರ ಚಪ್ಪಲಿಯನ್ನೂ ಬಿಚ್ಚಿಸಿಲ್ಲ.” ಕೇಸ್ ಪೇಪರುಗಳನ್ನು ನನ್ನತ್ತ ಸರಿಸಿ, “ಯಾರನ್ನು ನಮ್ಮ ಹತ್ತಿರ ಕಳಿಸಬೇಕೆಂದು ಸಿಸ್ಟರ್‌ಗೆ ನಾನೇ ಕಲಿಸುತ್ತೇನೆ. ಮಂಗಳವಾರ ಮಾತ್ರ ಪಾದ ನೋಡಲು ನನಗೆ ಬಿಡಿ,” ಎಂದರು.

ಹೊಸ ಏರ್ಪಾಡು ಶುರುವಾದ ಎರಡನೇ ಮಂಗಳವಾರ ನಮ್ಮ ವಿಜಯಪುರದ ಕಡೆಯ, ಗಾರೆ ಕೆಲಸದ ಗೌಂಡಿಯೊಬ್ಬ ಬಂದ. ಬೂಟು ಬಿಚ್ಚಲು ಒಪ್ಪಲಿಲ್ಲ. ಕನ್ನಡದಲ್ಲಿ ಹೇಳಿ ಒಪ್ಪಿಸಲು ಡಾಕ್ಟರು ನನ್ನನ್ನು ಕರೆದರು.

“ಕಾಲಿಗೇನೂ ಆಗಿಲ್ರಿ ಬಾಯಾರ, ನೋವ್ ಸೈತ ಇಲ್ಲ. ಗುಳಿಗಿ ಕೊಟ್ರ ಸಾಕು.”

“ನೋವಿಲ್ಲ ಅಂದ್ರ ಮೊದಲ ನೋಡಬೇಕಪಾ. ಬಿಚ್ಚು.”

ಹೆಬ್ಬೆರಳಿನ ಬುಡದಲ್ಲಿ ರೂಪಾಯಿ ಅಗಲದ ಹುಣ್ಣು. ಒಳಗೆ ಸಿಮೆಂಟಿನ ಪುಡಿ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶಜ್ಞಾನವೇ ಹೋಗಿದ್ದರಿಂದ ಅವನಿಗೆ ಗೊತ್ತೇ ಆಗಿರಲಿಲ್ಲ. ನೋಡಿದವನ ಮುಖ ಬಿಳಚಿಕೊಂಡಿತು. ಡಾಕ್ಟರು ನೆಲಕ್ಕೆ ಕೂತು ತಾವೇ ತೊಳೆದು ಕಟ್ಟು ಹಾಕಿದರು. ದೊಡ್ಡ ಆಸ್ಪತ್ರೆಗೆ ಚೀಟಿ ಬರೆದು, ಅಲ್ಲಿನ ಸರ್ಜನ್‌ಗೆ ಫೋನೂ ಮಾಡಿದರು. ಬೆರಳು ಉಳಿಯಿತು.

ಮುಂದೆ ಸುತ್ತಲಿನ ದವಾಖಾನೆಗಳ ಡಾಕ್ಟರುಗಳ ಸಭೆಯಲ್ಲಿ ಅವರು ಇದನ್ನೆಲ್ಲ “ನನ್ನ ಪದ್ಧತಿ” ಎಂದೇ ವಿವರಿಸಿದರು. ನನಗೆ ಒಳಗೆ ಚುರುಕ್ಕೆಂದಿತು. ಆದರೆ ಹಿರಿಯರೆಲ್ಲ ಬಾಗಿ ಕೇಳುತ್ತಿದ್ದರು. ನಾನು ಹೇಳಿದ್ದರೆ ಇನ್ನೊಂದು ಸುತ್ತೋಲೆ ಎಂದುಕೊಂಡು ಚಹಾ ಕುಡಿಯುತ್ತಿದ್ದರು. ಸುಮ್ಮನೆ ಕೂತೆ. ಎರಡು ದವಾಖಾನೆಗಳು ಅದನ್ನು ಶುರುಮಾಡಿದವು. ಒಂದರಲ್ಲಿ ಸಿಸ್ಟರ್ ವರ್ಗವಾದ ಕೂಡಲೇ ನಿಂತುಹೋಯಿತು. ಇನ್ನೊಂದರಲ್ಲಿ ಈಗಲೂ ನಡೆದಿದೆ.